ಮಂಗೋಲರು ಚೀನಾದ ಕೋಟೆಗಳನ್ನು ಒಡೆದದ್ದು ಸಿಡಿಮದ್ದಿನಿಂದಲೇ?

ಬುರುಜು

ಯೂಟ್ಯೂಬ್‌ನಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಒಂದು ಮಾತು ತಿರುಗಾಡುತ್ತಿದೆ: ಮಂಗೋಲರ ಹತ್ತಿರ ಸಿಡಿಮದ್ದು ಇತ್ತು, ಅದರಿಂದ ಚೀನಾದ ಕೋಟೆಗೋಡೆಗಳನ್ನು ಹಾರಿಸಿಬಿಟ್ಟರು ಅಂತ. ಇದನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1232ರ ಕೈಫೆಂಗ್ ಮುತ್ತಿಗೆಯನ್ನೇ ತೆಗೆದುಕೊಳ್ಳಿ. ಆಗ ಅದು ಉತ್ತರ ಚೀನಾವನ್ನು ಆಳುತ್ತಿದ್ದ ಜಿನ್ ರಾಜ್ಯದ ರಾಜಧಾನಿ. ಹೊರಗೆ ಸುಬುತಾಯ್‌ನ ಮಂಗೋಲ್ ಸೇನೆ. ಮುತ್ತಿಗೆ ಹಾಕಿದವರು ಎತ್ತಿನ ಚರ್ಮ ಹೊದಿಸಿದ ಚಪ್ಪರಗಳನ್ನು ಮಾಡಿಕೊಂಡು, ಅದರ ಮರೆಯಲ್ಲಿ ಗೋಡೆಯ ಬುಡಕ್ಕೆ ಬಂದು, ಒಬ್ಬ ಆಳು ಹಿಡಿಸುವಷ್ಟು ಗೂಡುಗಳನ್ನು ಗೋಡೆಯಲ್ಲಿ ಕೊರೆಯುತ್ತಿದ್ದರು. ಮೇಲಿನಿಂದ ಏನು ಬಿಟ್ಟರೂ ಅವರಿಗೆ ತಾಗದು. ಆಗ ಒಳಗಿನವರು ಕಬ್ಬಿಣದ ಪಾತ್ರೆಯಲ್ಲಿ ಮದ್ದು ತುಂಬಿ, ಬೆಂಕಿ ಹಚ್ಚಿ, ಸರಪಳಿ ಕಟ್ಟಿ ಗೋಡೆಗುಂಟ ಇಳಿಬಿಟ್ಟರು. ಅದು ಗೂಡಿನ ಮುಂದೆ ಬಂದು ಸಿಡಿದಾಗ ಆಳುಗಳೂ ಚರ್ಮವೂ ಚೂರುಚೂರಾಗಿ ಗುರುತೇ ಉಳಿಯಲಿಲ್ಲ ಎಂದು ಜಿನ್ ಇತಿಹಾಸದಲ್ಲಿ ಬರೆದಿದೆ. ಈ ಬಾಂಬಿನ ಹೆಸರು ‘ಝೆನ್‌ತಿಯೆನ್‌ಲೇ’, ಆಕಾಶ ನಡುಗಿಸುವ ಗುಡುಗು. ಅದರ ಜೊತೆಗೆ ಹತ್ತು ಹೆಜ್ಜೆಗೂ ಮುಂದಕ್ಕೆ ಉರಿ ಉಗುಳುವ ಬೆಂಕಿಯೀಟಿಯೂ ಇತ್ತು. ಮಂಗೋಲರು ಹೆದರುತ್ತಿದ್ದದ್ದು ಈ ಎರಡಕ್ಕೆ ಮಾತ್ರ ಎಂಬ ಸಾಲೂ ಅಲ್ಲೇ ಇದೆ.

ಅಂದರೆ ಮದ್ದು ಇದ್ದದ್ದು ಗೋಡೆಯ ಮೇಲಿದ್ದವರ ಕೈಯಲ್ಲಿ. ಅದರ ಏಟು ತಿಂದವರು ಮಂಗೋಲರು. ಮಂಗೋಲರ ನಿಜವಾದ ಬಲ ಬೇರೆ ಕಡೆ ಇತ್ತು, ಅದು ಕಸುಬು ಬಲ್ಲವರನ್ನು ಹಿಡಿದು ತಮ್ಮವರನ್ನಾಗಿ ಮಾಡಿಕೊಳ್ಳುವುದು ಎನ್ನುವುದು ನನ್ನ ವಾದ. ಬಲ್ಲವರು ಸೇರಿಸಿ, ಒಪ್ಪದವರು ವಾದಿಸಿ.

ಮಲೆಸೀಮೆ

ಬುರುಜು ಅವರೇ, ಒಳ್ಳೆ ಕೆಲಸ ಮಾಡಿದಿರಿ. ಕೈಫೆಂಗ್ ಗೋಡೆಯ ಬಗ್ಗೆಯೇ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ಎಲ್ಲರೂ ಮದ್ದನ್ನು ನೋಡುತ್ತಾರೆ, ಗೋಡೆಯನ್ನು ಯಾರೂ ನೋಡುವುದಿಲ್ಲ.

ಆ ಗೋಡೆ ಕಲ್ಲಿನದ್ದಲ್ಲ, ಬಡಿದು ಬಿಗಿ ಮಾಡಿದ ಮಣ್ಣಿನದ್ದು. ಹತ್ತನೇ ಶತಮಾನದಲ್ಲಿ ಝೌ ದೊರೆ ಶಿಝೋಂಗ್ ಹುಲಾವೋ ಎಂಬಲ್ಲಿಂದ ಮಣ್ಣು ತರಿಸಿ ಕಟ್ಟಿಸಿದ್ದು, ಕಬ್ಬಿಣದಷ್ಟು ಗಟ್ಟಿ ಎಂದು ಊರಿನ ಹಿರಿಯರು ಹೇಳುತ್ತಿದ್ದರಂತೆ. 1232ರಲ್ಲಿ ಮಂಗೋಲರು ಕೋಟೆಯ ಒಂದೊಂದು ಮೂಲೆಗೂ ನೂರಕ್ಕೂ ಹೆಚ್ಚು ಕವಣೆಯಂತ್ರ ನಿಲ್ಲಿಸಿ ಹಗಲೂ ರಾತ್ರಿ ಕಲ್ಲು ಎಸೆದರು. ಗೋಡೆಯ ಮೇಲಿನ ಮರದ ಗೋಪುರಗಳು ಪುಡಿಯಾದವು. ಗೋಡೆ ಮಾತ್ರ ಅಲ್ಲಲ್ಲಿ ತಗ್ಗು ಬಿದ್ದಿತೇ ಹೊರತು ಒಡೆಯಲಿಲ್ಲ.

ಕೋಟೆಯೊಳಗಿನವರ ಕವಣೆಗೆ ಕಲ್ಲು ಎಲ್ಲಿಂದ ಬಂತು ಗೊತ್ತೇ? ನೂರು ವರ್ಷದ ಹಿಂದೆ, ಜಿನ್‌ಗೂ ಮೊದಲು ಅಲ್ಲಿ ಆಳುತ್ತಿದ್ದ ಸಾಂಗ್ ವಂಶದ ಚಕ್ರವರ್ತಿ ಹುಯಿಝೋಂಗ್ ಅದೇ ಊರಲ್ಲಿ ಒಂದು ಉದ್ಯಾನ ಮಾಡಿಸಿದ್ದ. ತಾಯ್‌ಹು ಸರೋವರದಿಂದ, ಲಿಂಗ್‌ಬಿಯಿಂದ ಚೆಂದದ ಬಂಡೆಗಳನ್ನು ದೋಣಿಯಲ್ಲಿ ತರಿಸಿ ಕೃತಕ ಬೆಟ್ಟ ಕಟ್ಟಿಸಿದ್ದ. ಆ ಬಂಡೆಗಳನ್ನೇ ಒಡೆದು, ದೀಪದ ಬುರುಡೆಯ ಹಾಗೆ ದುಂಡಗೆ ಕೆತ್ತಿ, ತೂಕ ನೋಡಿ ಜೋಡಿಸಿಟ್ಟರು. ಒಬ್ಬ ಅರಸ ಚೆಂದಕ್ಕೆಂದು ತರಿಸಿದ ಕಲ್ಲು ಇನ್ನೊಂದು ರಾಜ್ಯದವರ ಕೈಯಲ್ಲಿ ಗುಂಡಾಯಿತು.

ಹದಿನಾರು ದಿನ, ಹದಿನಾರು ರಾತ್ರಿ ಈ ಹೋರಾಟ ನಡೆದು, ಕೊನೆಗೆ ಸಂಧಿಯ ಮಾತು ಬಂದು ಸುಬುತಾಯ್ ಹಿಂದೆ ಸರಿದ. ಆಮೇಲೆ ಊರನ್ನು ಕೊಂದದ್ದು ಸಾಂಕ್ರಾಮಿಕ ರೋಗ ಮತ್ತು ಹಸಿವು. ಮುಂದಿನ ವರ್ಷ, 1233ರಲ್ಲಿ, ಒಳಗಿನ ಸೇನಾಧಿಕಾರಿ ತ್ಸುಯಿ ಲಿ ದಂಗೆಯೆದ್ದು ಊರನ್ನು ಒಪ್ಪಿಸಿದ. ಮದ್ದಿನಿಂದ ಗೋಡೆ ಬಿದ್ದ ಕಥೆ ಇದರಲ್ಲಿ ಎಲ್ಲಿಯೂ ಇಲ್ಲ.

ರಸಾಯನ ಟೀಚರ್

ಮೊದಲ ಕಾಲದ ಮದ್ದಿಗೆ ಗೋಡೆ ಒಡೆಯುವ ಶಕ್ತಿಯೇ ಇರಲಿಲ್ಲ, ಅದನ್ನು ಲೆಕ್ಕದಲ್ಲೇ ತೋರಿಸಬಹುದು.

1044ರಲ್ಲಿ ಸಾಂಗ್ ಸರ್ಕಾರ ಮಾಡಿಸಿದ ‘ವುಜಿಂಗ್ ಝೋಂಗ್‌ಯಾವೋ’ ಎಂಬ ಯುದ್ಧಗ್ರಂಥದಲ್ಲಿ ಮದ್ದಿನ ಮೂರು ಪಾಕಗಳಿವೆ. ಒಂದು ಕವಣೆಯಿಂದ ಎಸೆಯುವ ಬೆಂಕಿಯುಂಡೆಗೆ, ಒಂದು ಮುಳ್ಳುಗಳಿರುವ ಉಂಡೆಗೆ, ಒಂದು ವಿಷದ ಹೊಗೆಗೆ. ಮೊದಲನೆಯದರಲ್ಲಿ ಪೆಟ್ಲುಪ್ಪು (ಪೊಟ್ಯಾಷಿಯಂ ನೈಟ್ರೇಟ್) 40 ಲಿಯಾಂಗ್ (ಚೀನಾದ ಹಳೆಯ ತೂಕ), ಗಂಧಕ ಎರಡು ಬಗೆಯದ್ದು ಸೇರಿ 21. ಉಳಿದದ್ದು ರಾಳ, ಒಣಗಿದ ಅರಗು, ಜೇನುಮೇಣ, ಎಣ್ಣೆ, ಸೀಸದ ಪುಡಿ, ಪಾಷಾಣ, ಸೆಣಬು ಮತ್ತು ಬಿದಿರಿನ ನಾರು. ಒಟ್ಟಿನಲ್ಲಿ ಪೆಟ್ಲುಪ್ಪಿನ ಪಾಲು ಅರ್ಧದ ಆಸುಪಾಸು. ಈಗ ಎಲ್ಲರೂ ಹೇಳುವ ಕಪ್ಪು ಮದ್ದಿನ ಅಳತೆಯಲ್ಲಿ ಪೆಟ್ಲುಪ್ಪು ನೂರಕ್ಕೆ 75, ಇದ್ದಿಲು 15, ಗಂಧಕ 10.

ಪೆಟ್ಲುಪ್ಪು ಆಮ್ಲಜನಕ ಕೊಡುವ ವಸ್ತು. ಅದು ಕಡಿಮೆಯಾದರೆ, ಜೊತೆಗೆ ಎಣ್ಣೆ ಮೇಣ ರಾಳ ಸೇರಿದರೆ, ಮಿಶ್ರಣ ಜೋರಾಗಿ ಉರಿಯುತ್ತದೆ, ಅಂಟಿಕೊಂಡು ಉರಿಯುತ್ತದೆ, ನೀರು ಹಾಕಿದರೂ ಸುಲಭಕ್ಕೆ ಆರುವುದಿಲ್ಲ. ಆದರೆ ಸ್ಫೋಟಿಸುವುದಿಲ್ಲ. ಅದನ್ನು ಮಾಡಿದವರ ಉದ್ದೇಶವೂ ಅದೇ. ಹುಲ್ಲು, ಮರ, ಚರ್ಮದ ಯಂತ್ರಗಳಿಗೆ ಬೆಂಕಿ ಹಚ್ಚಬೇಕಿತ್ತು. ಹಾಗಾಗಿ ಅದನ್ನು ಅರೆಬೆಂದ ಪಾಕ ಎಂದು ಕರೆಯುವುದು ನನಗೆ ಹಿಡಿಸುವುದಿಲ್ಲ. ತಮಗೆ ಬೇಕಾದ ಕೆಲಸಕ್ಕೆ ಸರಿಯಾಗಿ ಅವರು ಅರೆದಿದ್ದರು.

1044ಕ್ಕೂ 1232ಕ್ಕೂ ನಡುವೆ ಸುಮಾರು ಇನ್ನೂರು ವರ್ಷ. ಆ ಅವಧಿಯಲ್ಲಿ ಪೆಟ್ಲುಪ್ಪಿನ ಪಾಲು ಏರುತ್ತ ಹೋಯಿತು, ಎಣ್ಣೆ ಮೇಣಗಳು ಬಿಟ್ಟುಹೋದವು. ಕಬ್ಬಿಣದ ಗಟ್ಟಿ ಪಾತ್ರೆ ಒಡೆದು ಚೂರಾಗಬೇಕಾದರೆ ಅದಕ್ಕಿಂತ ಕಡಿಮೆ ಮದ್ದು ಸಾಲದು.

ಕುಲುಮೆ

ಟೀಚರ್ ಹೇಳಿದ್ದು ಖರೇ ಅದ. ನಾ ಬೆಳಗಾವಿ ಕಡೆ ಫೌಂಡ್ರಿಯೊಳಗ ಕೆಲಸ ಮಾಡಾಂವ, ಹಂಗಾಗಿ ಪಾತ್ರೆ ಕಡೆಯಿಂದ ಹೇಳ್ತೀನ್ರಿ.

ಅವರ ಬಾಂಬ್ ಬಡಿದು ಮಾಡಿದ ಕಬ್ಬಿಣದ್ದಲ್ಲ, ಎರಕ ಹೊಯ್ದ ಬೀಡು. ಬಡಿದ ಕಬ್ಬಿಣ ಬಾಗತೈತಿ, ಹರೀತೈತಿ. ಬೀಡು ಬಾಗಂಗಿಲ್ಲ, ಸೀದಾ ಒಡೀತೈತಿ. ಅದಕ್ಕೇ ಒಳಗಿನ ಗಾಳಿ ಒತ್ತಡ ಒಂದು ಮಟ್ಟಕ್ಕ ಬಂದಕೂಡಲೇ ಚೂರಾಗಿ ಹಾರತೈತಿ, ಒಂದೊಂದು ಚೂರೂ ಚೂಪು. ಜಿನ್ ಇತಿಹಾಸದಾಗ ಈ ಬಾಂಬ್ ಕಬ್ಬಿಣದ ಕವಚ ತೂರಿಕೊಂಡು ಹೋಗತಿತ್ತು ಅಂತ ಬರದಾರ, ಅದನ್ನ ನಂಬಬಹುದು.

ಆ ಕಾಲದಾಗ ಇಷ್ಟು ಬೀಡು ಎರಕ ಹೊಯ್ಯೂ ಊರು ಜಗತ್ತಿನ್ಯಾಗ ಚೀನಾ ಬಿಟ್ಟು ಭಾಳ ಇರಲಿಲ್ಲ. ಮದ್ದಿನ ಪಾಕ ಒಂದೇ ಗೊತ್ತಿದ್ರ ಆಗಂಗಿಲ್ರಿ. ಅಚ್ಚು ಮಾಡಾವರು, ಕುಲುಮಿ ಊದಾವರು, ಇದ್ದಿಲು ಸುಡಾವರು ಎಲ್ಲಾರೂ ಒಂದೇ ಕಡೆ ಬೇಕು. ಬುರುಜು ಅವರು ಕಸುಬಿನವರನ್ನ ಹಿಡದದ್ದು ಅಂದ್ರಲ್ಲ, ನನಗ ಅದು ಎಲ್ಲಕ್ಕಿಂತ ದೊಡ್ಡ ಮಾತು ಅನಸ್ತು.

ಒಂದು ಪ್ರಶ್ನೆ. ಸಪ್ಪಳ ನೂರು ಲೀ ದೂರಕ್ಕ ಕೇಳಸ್ತಿತ್ತು ಅಂತ ಓದೀನಿ. ನೂರು ಲೀ ಅಂದ್ರ ಐವತ್ತು ಕಿಲೋಮೀಟರ್ ಆತು. ಇದು ಆಗೂ ಮಾತೇನ್ರಿ?

ರಸಾಯನ ಟೀಚರ್

ಕುಲುಮೆಯವರೇ, ಅದು ಆಸ್ಥಾನದ ಬರಹಗಾರರ ಉತ್ಪ್ರೇಕ್ಷೆ ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಅಳತೆ ಇದೆ, ಅದು ನಂಬುವ ಹಾಗಿದೆ: ಬೆಂಕಿಯ ಝಳ ಅರ್ಧ ಮೂ ನೆಲಕ್ಕೂ ಹೆಚ್ಚು ಹರಡುತ್ತಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಗುಂಟೆ. ದೊಡ್ಡ ಬಾಂಬಿನ ಚೂರು ಮತ್ತು ಉರಿ ಅಷ್ಟು ಜಾಗದಲ್ಲಿ ಹಾನಿ ಮಾಡಿತು ಅಂದರೆ ಅಚ್ಚರಿಯಿಲ್ಲ.

ದೂರದಾರಿ

ಬುರುಜು ಅವರ ಒಂದು ಮಾತಿಗೆ ನನ್ನ ತಕರಾರಿದೆ. ಮದ್ದು ಒಳಗಿನವರ ಆಯುಧ ಎಂದು ಗೆರೆ ಎಳೆಯಲು ಆಗುವುದಿಲ್ಲ. 1221ರಲ್ಲಿ ಜಿನ್ ಸೇನೆ ದಕ್ಷಿಣಕ್ಕೆ ಸರಿದಿದ್ದ ಸಾಂಗ್ ರಾಜ್ಯದ ಚೀಝೌ ಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಅಲ್ಲಿ ಕಬ್ಬಿಣದ ಬಾಂಬ್ ಎಸೆದವರು ಹೊರಗಿದ್ದವರು. ಒಳಗಿದ್ದ ಝಾವೋ ಯೂರೋಂಗ್ ಎಂಬ ಅಧಿಕಾರಿ ಬದುಕಿ ಉಳಿದು ಅದನ್ನೆಲ್ಲ ಬರೆದಿಟ್ಟಿದ್ದಾನೆ: ಸೋರೆಬುರುಡೆಯ ಆಕಾರ, ಸಣ್ಣ ಬಾಯಿ, ಎರಡು ಇಂಚಿಗೂ ಹೆಚ್ಚು ದಪ್ಪದ ಬೀಡಿನ ಗೋಡೆ, ಸಿಡಿದಾಗ ಊರಿನ ಗೋಡೆಗಳೇ ನಡುಗಿದವು ಅಂತ. ಊರು ಕೊನೆಗೆ ಬಿತ್ತು, ಜನರ ಕೊಲೆಯೂ ನಡೆಯಿತು.

ಮಲೆಸೀಮೆ

ದೂರದಾರಿ ಅವರು ಹೇಳಿದ್ದು ಸರಿಯಾದ ತಕರಾರು. ಚೀಝೌ ಬಿಟ್ಟರೆ ಈ ಚರ್ಚೆ ಒಂದು ಕಡೆ ವಾಲುತ್ತಿತ್ತು. ಆದರೂ ಆ ಬಾಂಬುಗಳು ಹೋಗಿ ಬಿದ್ದದ್ದು ಎಲ್ಲಿ ಎಂದು ನೋಡಿ. ಗೋಪುರಗಳ ಮೇಲೆ, ಕಾವಲು ನಿಂತ ಆಳುಗಳ ಮೇಲೆ. ಹೊರಗಿನವರು ಎಸೆದರೂ ಒಳಗಿನವರು ಇಳಿಬಿಟ್ಟರೂ ಅದು ಮನುಷ್ಯರನ್ನು ಕೊಲ್ಲುವ, ಮರದ ಕಟ್ಟಡ ಸುಡುವ ಆಯುಧವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ 1126ರಲ್ಲಿ ಇದೇ ಕೈಫೆಂಗ್ ಸಾಂಗ್ ರಾಜಧಾನಿ, ಹೊರಗೆ ಜಿನ್ ಸೇನೆ. ಆಗ ರಕ್ಷಣೆಯ ಹೊಣೆ ಹೊತ್ತ ಲಿ ಗಾಂಗ್ ‘ಸಿಡಿಲಿನ ಬಾಂಬ್’ ಹಾರಿಸಲು ಹೇಳಿದ್ದ. ಮುಂದಿನ ವರ್ಷ ಊರು ಜಿನ್ ಪಾಲಾಯಿತು, ಜೊತೆಗೆ ಊರಿನ ಕುಶಲಕರ್ಮಿಗಳೂ. ನೂರು ವರ್ಷ ಕಳೆಯುವುದರೊಳಗೆ ಜಿನ್‌ನವರೇ ಕಬ್ಬಿಣದ ಬಾಂಬಿನಲ್ಲಿ ಮುಂದಿದ್ದರು. ಜಿನ್ ಬಿದ್ದ ಮೇಲೆ ಅದೇ ಮಂದಿ ಮಂಗೋಲರ ಕೈಗೆ. ಒಂದೇ ಕಸುಬು ಒಡೆಯರನ್ನು ಬದಲಾಯಿಸುತ್ತ ಹೋಗಿದೆ.

ಗುಟ್ಟು ಕಾಪಾಡಲು ಸಾಂಗ್‌ನವರು ಪ್ರಯತ್ನ ಪಟ್ಟಿದ್ದರು. 1067ರಲ್ಲೇ ಗಡಿ ಪ್ರಾಂತ್ಯಗಳ ಜನ ಹೊರಗಿನವರಿಗೆ ಗಂಧಕ, ಪೆಟ್ಲುಪ್ಪು ಮಾರಬಾರದೆಂದು ಕಟ್ಟಪ್ಪಣೆ ಆಗಿತ್ತು. ಸಾಮಾನು ತಡೆಯಬಹುದು, ಆಳುಗಳನ್ನು ಎಷ್ಟು ದಿನ ತಡೆಯುತ್ತೀರಿ?

ತುಂಗಾತೀರ

ಸರ್, ಬೆಂಕಿಯೀಟಿ ಅಂದ್ರೆ ಏನು? ಅದು ರಾಕೆಟ್ಟೇ? ನಮ್ಮ ಮೈಸೂರಿನ ರಾಕೆಟ್‌ಗೂ ಇದಕ್ಕೂ ಏನಾದ್ರೂ ನಂಟಿದ್ಯಾ? ಒಂದು ವಿಡಿಯೋದಲ್ಲಿ ಹಾಗೆ ಹೇಳಿದ್ರು.

ಬುರುಜು

ತುಂಗಾತೀರ, ರಾಕೆಟ್ ಅಲ್ಲ. ರಾಕೆಟ್ಟಿನಲ್ಲಿ ಕೊಳವೆಯೇ ಹಾರಿಹೋಗುತ್ತದೆ. ಬೆಂಕಿಯೀಟಿಯಲ್ಲಿ ಕೊಳವೆ ಕೈಯಲ್ಲೇ ಉಳಿಯುತ್ತದೆ, ಉರಿ ಮಾತ್ರ ಮುಂದಕ್ಕೆ ಹೋಗುತ್ತದೆ. ದೀಪಾವಳಿಯ ಹೂಕುಂಡವನ್ನು ಈಟಿಯ ತುದಿಗೆ ಅಡ್ಡಲಾಗಿ ಕಟ್ಟಿಕೊಂಡು ಎದುರಾಳಿಯ ಮುಖಕ್ಕೆ ಹಿಡಿದರೆ ಹೇಗೋ ಹಾಗೆ.

ಅದು ಮೊದಲು ಹೆಸರು ಮಾಡಿದ್ದು 1132ರಲ್ಲಿ, ಈಗಿನ ಹುಬೇ ಪ್ರಾಂತ್ಯದ ದೆಆನ್ ಪಟ್ಟಣದಲ್ಲಿ. ಲಿ ಹೆಂಗ್ ಎಂಬವನ ದಂಡು ಗೋಡೆಗಿಂತ ಎತ್ತರದ ಮರದ ‘ಆಕಾಶಸೇತುವೆ’ಗಳನ್ನು ಕಟ್ಟಿಕೊಂಡು ಬಂದಿತ್ತು. ಊರಿನ ಅಧಿಕಾರಿ ಚೆನ್ ಗುಯಿ ಉದ್ದ ಬಿದಿರಿನಲ್ಲಿ ಮದ್ದು ತುಂಬಿಸಿ ಇಪ್ಪತ್ತಕ್ಕೂ ಹೆಚ್ಚು ಬೆಂಕಿಯೀಟಿ ಮಾಡಿಸಿದ. ಒಂದನ್ನು ಹಿಡಿಯಲು ಇಬ್ಬರು ಆಳು. ಸೇತುವೆ ಗೋಡೆಗೆ ಹತ್ತಿರವಾದಾಗ ಈಟಿಗಳಿಗೆ ಬೆಂಕಿ ಕೊಟ್ಟರು. ಅದೇ ಹೊತ್ತಿಗೆ ಎತ್ತುಗಳ ಬಾಲಕ್ಕೆ ಬೆಂಕಿ ಹಚ್ಚಿ ಹೊರಗೆ ಅಟ್ಟಿದ್ದೂ ಉಂಟು. ಸೇತುವೆ ಸುಟ್ಟುಹೋಯಿತು, ಲಿ ಹೆಂಗ್ ಬಂದ ದಾರಿಗೆ ಸುಂಕವಿಲ್ಲದೆ ಹೋದ. ಚೆನ್ ಗುಯಿ ವೃತ್ತಿಯಿಂದ ಸೇನಾಪತಿಯಲ್ಲ, ಓದಿಕೊಂಡು ಪರೀಕ್ಷೆ ಬರೆದು ಬಂದ ಅಧಿಕಾರಿ. ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಮೈಸೂರಿನ ರಾಕೆಟ್ ಹೈದರ್, ಟಿಪ್ಪು ಕಾಲದ್ದು, ಅಂದರೆ ಐದು ಶತಮಾನಕ್ಕೂ ಆಚೆಯದ್ದು. ಅದರ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಇಬ್ಬರನ್ನೂ ನೇರ ಗಂಟು ಹಾಕುವ ಆಧಾರವಿಲ್ಲ. ವಿಡಿಯೋದವರು ಹೇಳಿದ್ದನ್ನು ಪಕ್ಕಕ್ಕಿಡಿ.

ರಸಾಯನ ಟೀಚರ್

ಬೆಂಕಿಯೀಟಿಯ ಕೊಳವೆಯ ಬಗ್ಗೆ ನನಗೆ ತುಂಬ ಇಷ್ಟವಾದ ವಿವರಣೆ 1233ರದ್ದು. ಕೈಫೆಂಗ್‌ನಿಂದ ಓಡಿಹೋದ ಜಿನ್ ಚಕ್ರವರ್ತಿ ಗುಯಿದೆ ಎಂಬಲ್ಲಿದ್ದ. ಅಲ್ಲಿ ಪುಚಾ ಗುವಾನ್ನು ಎಂಬ ದಳಪತಿ 450 ಮಂದಿಯನ್ನು ಕಟ್ಟಿಕೊಂಡು ರಾತ್ರಿ ದೋಣಿಯಲ್ಲಿ ಹೋಗಿ ಮಂಗೋಲರ ಪಾಳೆಯದ ಮೇಲೆ ಬಿದ್ದ. ಪ್ರತಿಯೊಬ್ಬನ ಹತ್ತಿರವೂ ಬೆಂಕಿಯೀಟಿ.

ಆ ಕೊಳವೆ ಬಿದಿರಿನದ್ದಲ್ಲ, ಕಾಗದದ್ದು! ಗಟ್ಟಿ ಹಳದಿ ಕಾಗದವನ್ನು ಹದಿನಾರು ಸುತ್ತು ಸುತ್ತಿ, ಎರಡು ಅಡಿಗಿಂತ ಸ್ವಲ್ಪ ಉದ್ದದ ಕೊಳವೆ ಮಾಡುತ್ತಿದ್ದರು. ಒಳಗೆ ವಿಲೋ ಮರದ ಇದ್ದಿಲು, ಕಬ್ಬಿಣದ ಚೂರು, ಪಿಂಗಾಣಿ ಪುಡಿ, ಗಂಧಕ, ಪಾಷಾಣ. ಹಗ್ಗದಿಂದ ಈಟಿಯ ತುದಿಗೆ ಬಿಗಿಯುತ್ತಿದ್ದರು. ಬೆಂಕಿ ಆರದಂತೆ ಪ್ರತಿ ಸೈನಿಕನ ಸೊಂಟದಲ್ಲಿ ಕೆಂಡ ತುಂಬಿದ ಸಣ್ಣ ಕಬ್ಬಿಣದ ಡಬ್ಬಿ. ಮದ್ದೆಲ್ಲ ಉರಿದ ಮೇಲೂ ಕೊಳವೆ ಹಾಳಾಗುತ್ತಿರಲಿಲ್ಲ ಎಂದು ಬರೆದಿದ್ದಾರೆ.

ವಿಲೋ ಇದ್ದಿಲು ಹಗುರ, ರಂಧ್ರ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ. ಕಬ್ಬಿಣದ ಚೂರು ಕೆಂಪಗೆ ಕಾದು ಕಿಡಿಯಾಗಿ ಹಾರುತ್ತದೆ. ಪಿಂಗಾಣಿ ಚೂರು ಚರ್ಮ ಕೊಯ್ಯುತ್ತದೆ. ಪಾಷಾಣದ ಹೊಗೆ ಉಸಿರು ಕಟ್ಟಿಸುತ್ತದೆ. ಪ್ರತಿಯೊಂದು ಪದಾರ್ಥವೂ ಒಂದು ಕೆಲಸಕ್ಕೆಂದೇ ಒಳಗಿದೆ. ಆ ರಾತ್ರಿ 3,500 ಮಂಗೋಲ್ ಸೈನಿಕರು ನೀರಿಗೆ ಬಿದ್ದು ಸತ್ತರು ಎಂದು ಜಿನ್ ಇತಿಹಾಸದ ಲೆಕ್ಕ.

ಕುಲುಮೆ

ಕಾಗದ ಸುಡಲಿಲ್ಲ ಅಂದ್ರ ನಂಬಾಕ ಕಷ್ಟ ಅನಸ್ತದ, ಆದ್ರ ಹದಿನಾರು ಸುತ್ತು ಬಿಗಿಯಾಗಿ ಸುತ್ತಿದ್ರ ನಡುವ ಗಾಳಿ ಇರಂಗಿಲ್ಲ. ಒಳಗಿನ ಪದರ ಕರಕಲಾಗತೈತಿ, ಹೊರಗಿನ ಪದರ ನಿಲ್ಲತೈತಿ. ಪಟಾಕಿ ಕಾರ್ಖಾನ್ಯಾಗ ಇವತ್ತಿಗೂ ಕಾಗದದ ಕೊಳವಿನೇ ಐತಿ.

ದೂರದಾರಿ

ಸರಿ, ಪಶ್ಚಿಮದ ಕಡೆ ಬರೋಣ. 1253ರಲ್ಲಿ ಮಂಗೋಲ್ ರಾಜಕುಮಾರ ಹುಲಾಗು ಪರ್ಷಿಯಾ ಕಡೆ ಹೊರಟಾಗ ಚೀನಾದಿಂದ ಸಾವಿರ ಕುಟುಂಬಗಳಷ್ಟು ಕವಣೆಗಾರರು, ನಾಫ್ತಾ ಎಸೆಯುವವರು, ಬಿಲ್ಲುಯಂತ್ರದವರನ್ನು ಜೊತೆಗೆ ಕರೆದೊಯ್ದ ಎಂದು ಪರ್ಷಿಯಾದ ಇತಿಹಾಸಕಾರ ಜುವೈನಿ ಬರೆದಿದ್ದಾನೆ. ಅವನು ಹುಲಾಗುವಿನ ಆಡಳಿತದಲ್ಲೇ ಇದ್ದವನು. 1258ರಲ್ಲಿ ಬಾಗ್ದಾದ್ ಬಿದ್ದಾಗ ಇವರೆಲ್ಲ ಅಲ್ಲಿದ್ದರು. ಚೀನಾದ ಕಸುಬುದಾರರು ಮದ್ದನ್ನು ಮನೆಯಲ್ಲಿ ಬಿಟ್ಟು ಬಂದರೆಂದು ನಂಬುವುದು ಹೇಗೆ?

ಮಲೆಸೀಮೆ

ನಿಮ್ಮ ಊಹೆಗೆ ತರ್ಕವಿದೆ. ಆದರೆ ನಾಫ್ತಾ ಎಂದರೆ ನೆಲದೆಣ್ಣೆ. ಅದನ್ನು ಎಸೆಯುವ ಪಡೆಗಳು ಅರಬ್ ನಾಡಿನಲ್ಲಿ ಮಂಗೋಲರಿಗಿಂತ ಎಷ್ಟೋ ಮೊದಲೇ ಇದ್ದವು. ಜುವೈನಿ ಬರೆದ ಪದವನ್ನು ಸಿಡಿಮದ್ದು ಎಂದು ಓದಬೇಕಾದರೆ ಬೇರೆ ಸಾಕ್ಷಿ ಬೇಕು. ಬಾಗ್ದಾದ್ ಮುತ್ತಿಗೆಯ ವಿವರಗಳಲ್ಲಿ ಕಲ್ಲು ಸಿಗದೆ ಖರ್ಜೂರದ ಮರದ ದಿಮ್ಮಿಗಳನ್ನು ಕವಣೆಯಲ್ಲಿಟ್ಟು ಎಸೆದದ್ದು ಬರುತ್ತದೆ, ಕಬ್ಬಿಣದ ಬಾಂಬ್ ಬರುವುದಿಲ್ಲ.

ಇನ್ನೊಂದು ಕಡೆಯಿಂದ ನಿಮ್ಮ ವಾದಕ್ಕೆ ಬಲ ಸಿಗುತ್ತದೆ. ಸಿರಿಯಾದ ಹಸನ್ ಅಲ್-ರಮ್ಮಾಹ್ 1295ರಲ್ಲಿ ತೀರಿಕೊಂಡವನು. ಅವನ ಗ್ರಂಥದಲ್ಲಿ ಪೆಟ್ಲುಪ್ಪು ಶುದ್ಧ ಮಾಡುವ ಕ್ರಮ, ಮದ್ದಿನ ಹತ್ತಾರು ಪಾಕಗಳು ಇವೆ, ಕೆಲವಕ್ಕೆ ಚೀನಾದ ಹೆಸರನ್ನೇ ಕೊಟ್ಟಿದ್ದಾನೆ. ಆ ಶತಮಾನದೊಳಗೆ ವಿದ್ಯೆ ಪಶ್ಚಿಮಕ್ಕೆ ದಾಟಿತ್ತು ಎನ್ನುವುದು ಖಚಿತ. ಬಾಗ್ದಾದ್‌ನಲ್ಲಿ ಬಾಂಬ್ ಸಿಡಿಯಿತು ಎನ್ನುವುದಕ್ಕೆ ನಾನು ಒಪ್ಪಿಗೆ ಹಾಕುವುದಿಲ್ಲ.

ದೂರದಾರಿ

ನಾನೂ ಪಟ್ಟು ಬಿಡುವುದಿಲ್ಲ. ಚಿತ್ರ ಬರೆದಿಟ್ಟಿಲ್ಲ ಅಂದಮಾತ್ರಕ್ಕೆ ಆಯುಧ ಇರಲಿಲ್ಲ ಅನ್ನಲಾಗದು. ಜಪಾನಿನ ವಿಷಯದಲ್ಲೂ ಹೀಗೇ ಅನುಮಾನ ಪಟ್ಟಿದ್ದರಲ್ಲ?

ಹಕಾತ ಕೊಲ್ಲಿ

ಜಪಾನಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ, ನಾನಿರುವುದು ಫುಕುಓಕಾದಲ್ಲಿ. 1274ರಲ್ಲಿ ಮಂಗೋಲ್ ಚಕ್ರವರ್ತಿ ಕುಬ್ಲಾಯ್ ಖಾನನ ಸೇನೆ ಮೊದಲ ದಾಳಿಯಲ್ಲಿ ಬಂದಿಳಿದದ್ದು ಇಲ್ಲಿಯೇ, ಹಕಾತ ಕೊಲ್ಲಿಯಲ್ಲಿ. ಆ ಯುದ್ಧದಲ್ಲಿದ್ದ ತಕೆಝಾಕಿ ಸುಎನಾಗ ಎಂಬ ಸಮುರಾಯ್ ತನ್ನ ಪರಾಕ್ರಮವನ್ನು ಚಿತ್ರಸುರುಳಿಯಲ್ಲಿ ಬರೆಸಿದ್ದಾನೆ. ಅದರಲ್ಲಿ ಅವನ ಕುದುರೆಯ ಮುಂದೆ ಗಾಳಿಯಲ್ಲಿ ಒಂದು ಉಂಡೆ ಸಿಡಿಯುತ್ತಿರುವುದು ಕಾಣುತ್ತದೆ, ಜಪಾನಿನವರು ಅದನ್ನು ‘ತೆತ್ಸುಹೌ’ ಎಂದು ಕರೆದಿದ್ದಾರೆ. ಆ ಸಿಡಿಯುವ ಉಂಡೆಯನ್ನು ಮುಂದೆ ಯಾರೋ ಸೇರಿಸಿರಬೇಕು ಎಂದು ಕೆಲವು ವಿದ್ವಾಂಸರು ವಾದಿಸಿದ್ದರು.

2001ರ ಹೊತ್ತಿಗೆ ತಕಾಶಿಮ ದ್ವೀಪದ ಪಕ್ಕ, ಎರಡನೇ ದಾಳಿಯಲ್ಲಿ 1281ರಲ್ಲಿ ಮುಳುಗಿದ ಹಡಗಿನ ಅವಶೇಷಗಳ ನಡುವೆ, ಈ ಉಂಡೆಗಳೇ ಸಿಕ್ಕವು. ಇವು ಕಬ್ಬಿಣದವಲ್ಲ, ಸುಟ್ಟ ಮಣ್ಣಿನವು. ಅಂಗೈಯೆರಡರಲ್ಲಿ ಹಿಡಿಸುವಷ್ಟು ಗಾತ್ರ, ಮೇಲೆ ಮದ್ದು ತುಂಬುವ ಒಂದು ತೂತು. ಎಕ್ಸ್‌-ರೇ ತೆಗೆದು ನೋಡಿದಾಗ ಒಂದರೊಳಗೆ ಕಬ್ಬಿಣದ ಚೂರುಗಳು ತುಂಬಿದ್ದು ಕಂಡಿತು. ಹಡಗಿನಲ್ಲಿ ಬಾಂಬ್ ಇತ್ತೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮೊದಲ ದಾಳಿಯ ಮೇಲೆ, 1276ರಲ್ಲಿ, ಜಪಾನಿನವರು ಕೊಲ್ಲಿಯುದ್ದಕ್ಕೂ ಸುಮಾರು 20 ಕಿಲೋಮೀಟರ್ ಕಲ್ಲಿನ ಗೋಡೆ ಕಟ್ಟಿದರು. ಅದರ ತುಂಡುಗಳು ಇಲ್ಲಿ ಮನೆಗಳ ನಡುವೆ, ಪೈನ್ ತೋಪಿನಲ್ಲಿ ಈಗಲೂ ಇವೆ. ಕಟ್ಟಿದಾಗಲೂ ಅಬ್ಬಬ್ಬಾ ಎಂದರೆ ಎರಡು-ಮೂರು ಮೀಟರ್ ಎತ್ತರ. ಆದರೂ 1281ರಲ್ಲಿ ಅದನ್ನು ದಾಟಿ ಒಳಗೆ ಬರಲು ಮಂಗೋಲರಿಗೆ ಆಗಲಿಲ್ಲ.

ತುಂಗಾತೀರ

ಮಣ್ಣಿನ ಬಾಂಬ್! ಇದು ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಮಂಗೋಲರು ಸಾಂಗ್ ಕೋಟೆಗಳನ್ನ ಗೆದ್ದದ್ದು ಹೇಗೆ ಸರ್?

ಮಲೆಸೀಮೆ

ತುಂಗಾತೀರ ಕೇಳಿದ್ದಕ್ಕೆ ಉತ್ತರ ಶಿಯಾಂಗ್‌ಯಾಂಗ್‌ನಲ್ಲಿದೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮಂಗೋಲರಿಗೆ ಕೋಟೆ ಹಿಡಿಯುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ಅನ್ಮುಹಾಯ್ ಎಂಬ ಮಂಗೋಲನನ್ನು ಚೆಂಗಿಸ್ ಖಾನ್ ಕೇಳಿದನಂತೆ, ಊರು ಗೆಲ್ಲಲು ಯಾವ ಆಯುಧ ಮೊದಲು ಎಂದು. ಅವನು, ಕವಣೆಯ ಕಲ್ಲು, ಅದರ ಏಟು ಭಾರ, ಹೋಗುವುದೂ ದೂರ ಎಂದ. 1214ರಲ್ಲಿ ಅವನನ್ನೇ ಕವಣೆಗಾರರ ಮೇಲಧಿಕಾರಿ ಮಾಡಿದರು, ಅವನು 500ಕ್ಕೂ ಹೆಚ್ಚು ಮಂದಿಯನ್ನು ಆರಿಸಿ ತರಬೇತಿ ಕೊಟ್ಟ.

ಶಿಯಾಂಗ್‌ಯಾಂಗ್ ಮತ್ತು ಫಾನ್‌ಚೆಂಗ್ ಹಾನ್ ನದಿಯ ಎರಡು ದಡದ ಜೋಡಿ ಊರುಗಳು, ನಡುವೆ ತೇಲುಸೇತುವೆ. ಈ ಎರಡು ಬಿದ್ದರೆ ಯಾಂಗ್‌ಟ್ಸಿಯ ದಾರಿ ತೆರೆದ ಹಾಗೆ. ಮುತ್ತಿಗೆ 1268ರಲ್ಲಿ ಬಿಗಿಯಾಯಿತು, ಒಳಗಿದ್ದ ಸಾಂಗ್ ದಂಡನಾಯಕ ಲ್ಯೂ ವೆನ್‌ಹುವಾನ್ 1273ರವರೆಗೆ ತಡೆದುಕೊಂಡ. 1272ರಲ್ಲಿ ಝಾಂಗ್ ಶುನ್, ಝಾಂಗ್ ಗುಯಿ ಎಂಬ ಇಬ್ಬರು ಮೂರು ಸಾವಿರ ಮಂದಿಯೊಡನೆ ನೂರು ದೋಣಿಗಳಲ್ಲಿ ಸಾಮಾನು ಹೇರಿಕೊಂಡು ನದಿಗೆ ಅಡ್ಡ ಕಟ್ಟಿದ್ದ ಸರಪಳಿಗಳನ್ನು ಕಡಿಯುತ್ತ ರಾತ್ರಿ ಒಳಗೆ ನುಗ್ಗಿದರು. ದೋಣಿಗಳಲ್ಲಿ ಬೆಂಕಿಯೀಟಿ, ಬೆಂಕಿಬಾಂಬ್ ಎಲ್ಲ ಇತ್ತು. ಊರು ಮುಟ್ಟಿದ ಮೇಲೆ ನೋಡಿದರೆ ಝಾಂಗ್ ಶುನ್ ಇಲ್ಲ. ಕೆಲವು ದಿನ ಕಳೆದು ಅವನ ಹೆಣ ನದಿಯಲ್ಲಿ ತೇಲಿ ಬಂತು, ಮೈಮೇಲೆ ಕವಚ, ಕೈಯಲ್ಲಿ ಬಿಲ್ಲು ಹಾಗೇ ಇತ್ತು. ಹೊರಗೆ ಹೋಗಲು ಯತ್ನಿಸಿದ ಝಾಂಗ್ ಗುಯಿಯೂ ಸೆರೆಸಿಕ್ಕು ಸತ್ತ.

ಇಷ್ಟು ಮದ್ದು ಎರಡೂ ಕಡೆ ಇದ್ದಾಗಲೂ ಗಂಟು ಬಿಚ್ಚಿದ್ದು ಕಲ್ಲು. ಕುಬ್ಲಾಯ್ ತನ್ನ ತಮ್ಮ ಹುಲಾಗುವಿನ ಮಗ, ಪರ್ಷಿಯಾದ ಅಬಾಕಾಗೆ ಹೇಳಿ ಕಳಿಸಿ ಇಸ್ಮಾಯಿಲ್, ಅಲಾವುದ್ದೀನ್ ಎಂಬ ಇಬ್ಬರು ಯಂತ್ರಗಾರರನ್ನು ಸಂಸಾರ ಸಮೇತ ಕರೆಸಿಕೊಂಡ. ಚೀನಾದ ಕವಣೆಯನ್ನು ಹತ್ತಾರು, ಕೆಲವೊಮ್ಮೆ ನೂರಾರು ಆಳು ಹಗ್ಗ ಹಿಡಿದು ಎಳೆಯಬೇಕಿತ್ತು. ಇವರದ್ದಕ್ಕೆ ಭಾರ ತುಂಬಿದ ಪೆಟ್ಟಿಗೆಯೇ ಎಳೆಯುವವ. ಇಸ್ಮಾಯಿಲ್ ಊರಿನ ಆಗ್ನೇಯ ಮೂಲೆಯಲ್ಲಿ ಯಂತ್ರ ನಿಲ್ಲಿಸಿ 150 ಜಿನ್ ತೂಕದ ಕಲ್ಲು ಹಾರಿಸಿದ, ನಮ್ಮ ತೂಕದಲ್ಲಿ ಸುಮಾರು 90 ಕಿಲೋ. ಬಿದ್ದ ಕಲ್ಲು ನೆಲದೊಳಗೆ ಏಳು ಅಡಿ ಹೂತುಹೋಯಿತು ಎಂದು ಮಂಗೋಲರ ಯುವಾನ್ ವಂಶದ ಇತಿಹಾಸದಲ್ಲಿದೆ. ಒಂದು ಏಟು ಗೋಪುರಕ್ಕೆ ತಾಗಿದಾಗ ಗುಡುಗಿನ ಸದ್ದು, ಊರೊಳಗೆ ಗದ್ದಲ. ಫಾನ್‌ಚೆಂಗ್ ಆಗಲೇ ಬಿದ್ದು ಜನರ ಕೊಲೆ ನಡೆದಿತ್ತು. ಲ್ಯೂ ವೆನ್‌ಹುವಾನ್ ಶರಣಾದ, ಮುಂದೆ ಮಂಗೋಲರ ಪರವಾಗಿಯೇ ಉಳಿದ ಊರುಗಳ ದಂಡನಾಯಕರನ್ನು ಒಲಿಸಿದ.

(ಈ ಯಂತ್ರ ಮಾಡಿಸಿದ್ದು ನಾವೇ ಎಂದು ಮಾರ್ಕೊ ಪೋಲೊ ಹೇಳಿಕೊಂಡಿದ್ದಾನೆ. ಅವನು ಕುಬ್ಲಾಯ್ ಆಸ್ಥಾನ ಮುಟ್ಟುವ ಹೊತ್ತಿಗೆ ಮುತ್ತಿಗೆ ಮುಗಿದಿತ್ತು.)

ಕುಲುಮೆ

ಒಂದ ಸಲ ನೋಡಿದ ಯಂತ್ರಕ್ಕ ಸಾಂಗ್ ಮಂದಿ ಉಪಾಯ ಹುಡುಕಿದ್ದೂ ಹೇಳ್ರಿ. 1273ರಾಗ ಅವರೂ ಅದೇ ಯಂತ್ರ ಮಾಡಿ, ಅದರ ಏಟು ತಡಿಯಾಕ ಭತ್ತದ ಹುಲ್ಲಿನ ಹಗ್ಗ ಹೊಸದರು. ಒಂದೊಂದು ಹಗ್ಗ ನಾಕ ಇಂಚು ಸುತ್ತಳತೆ, 34 ಅಡಿ ಉದ್ದ. ಇಪ್ಪತ್ತು ಹಗ್ಗ ಸೇರಿಸಿ ಒಂದು ಹೊರೆ. ಆ ಹೊರಿಗಳನ್ನ ಗೋಪುರದ ಮ್ಯಾಲಿಂದ ನೆಲದತನಕಾ ನಾಕೈದು ಪದರ ಇಳಿಬಿಟ್ಟು ಮ್ಯಾಲ ಕೆಸರು ಸುರುವಿದರು. ಕೆಸರಿಗೆ ಬೆಂಕಿ ಹತ್ತಂಗಿಲ್ಲ, ಹುಲ್ಲಿಗೆ ಕಲ್ಲು ಬಡಿದ್ರ ಏಟು ಹೀರಿಕೋತೈತಿ. ಇಂಥಾ ಕೆಲಸ ಮಾಡಿದವರ ಹೆಸರು ಯಾವ ಪುಸ್ತಕದಾಗೂ ಇಲ್ಲ, ಅದು ನನಗ ಬ್ಯಾಸರ.

ಬುರುಜು

ಕುಲುಮೆಯವರ ಮಾತಿಗೆ ಜೋಡಿಸಲು ಒಂದು ದಾಖಲೆ. 1257ರಲ್ಲಿ ಲಿ ಝೆಂಗ್‌ಬೋ ಎಂಬ ಸಾಂಗ್ ಅಧಿಕಾರಿ ಗಡಿಯ ಶಸ್ತ್ರಾಗಾರಗಳನ್ನು ತಪಾಸಣೆ ಮಾಡಿದ. ಹಿಂದೆ ಜಿಂಗ್‌ಝೌನಲ್ಲಿ ತಾನಿದ್ದಾಗ ತಿಂಗಳಿಗೆ ಸಾವಿರ, ಎರಡು ಸಾವಿರ ಕಬ್ಬಿಣದ ಬಾಂಬ್ ತಯಾರಾಗುತ್ತಿತ್ತು, ಶಿಯಾಂಗ್‌ಯಾಂಗ್ ಕಡೆಗೆ ಒಂದೇ ಸಲಕ್ಕೆ ಹತ್ತಿಪ್ಪತ್ತು ಸಾವಿರ ಕಳಿಸುತ್ತಿದ್ದೆವು ಎಂದು ಬರೆಯುತ್ತಾನೆ. ಈಗಿನ ಗುಯಿಲಿನ್‌ನಲ್ಲಿ, ಆಗ ಅದು ಜಿಂಗ್‌ಜಿಯಾಂಗ್, ಎಣಿಸಿ ನೋಡಿದರೆ ದೊಡ್ಡದು ಚಿಕ್ಕದು ಸೇರಿ ಬರೀ 85 ಬಾಂಬ್, 95 ಬೆಂಕಿಬಾಣ, 105 ಬೆಂಕಿಯೀಟಿ. ಸಾವಿರ ಮಂದಿಯ ಒಂದು ದಾಳಿಗೂ ಇದು ಸಾಲದು ಎಂದು ಮೇಲಿನವರಿಗೆ ಬೇಸರದಿಂದ ಪತ್ರ ಬರೆದ.

ಇಪ್ಪತ್ತು ವರ್ಷದ ಮೇಲೆ, 1277ರಲ್ಲಿ, ಮಂಗೋಲರು ಅದೇ ಊರಿಗೆ ಬಂದರು. ಸಾಂಗ್ ರಾಜಧಾನಿ ಬಿದ್ದು ಒಂದು ವರ್ಷವಾಗಿತ್ತು, ಆದರೂ ಊರು ಶರಣಾಗಲಿಲ್ಲ. ಹೊರಗೋಡೆ ಬಿದ್ದ ಮೇಲೂ ಲೋ ಎಂಬ ಅಧಿಕಾರಿ 250 ಮಂದಿಯೊಡನೆ ಒಳಕೋಟೆ ಹಿಡಿದು ನಿಂತ. ಹತ್ತಕ್ಕೂ ಹೆಚ್ಚು ದಿನ ಕಳೆದ ಮೇಲೆ, ಹಸಿದಿದ್ದೇವೆ, ಊಟ ಕೊಟ್ಟರೆ ಶರಣಾಗುತ್ತೇವೆ ಎಂದು ಗೋಡೆಯಿಂದ ಕೂಗಿದ. ಮಂಗೋಲರು ಎತ್ತು, ಅಕ್ಕಿ ಕೊಟ್ಟರು. ಅರ್ಧಂಬರ್ಧ ಬೆಂದದ್ದನ್ನೇ ತಿಂದು ಮುಗಿಸಿ, ಕೊಂಬು ಊದಿ, ನಗಾರಿ ಬಡಿದು, ಎಲ್ಲರೂ ಒಂದು ದೊಡ್ಡ ಬಾಂಬಿನ ಸುತ್ತ ಕೂಡಿ ಅದಕ್ಕೆ ಬೆಂಕಿ ಕೊಟ್ಟರು. ಗೋಡೆಯ ಮಣ್ಣು ಕುಸಿಯಿತು, ಹೊರಗಿದ್ದ ಸೈನಿಕರಲ್ಲೂ ಬೆಚ್ಚಿ ಸತ್ತವರಿದ್ದರು. ಬೆಂಕಿ ಆರಿದ ಮೇಲೆ ಒಳಗೆ ಹೋಗಿ ನೋಡಿದರೆ ಬೂದಿ ಬಿಟ್ಟು ಏನೂ ಇರಲಿಲ್ಲ ಎಂದು ಸಾಂಗ್ ಇತಿಹಾಸದಲ್ಲಿದೆ. ಇದನ್ನು ಓದಿದಾಗಲೆಲ್ಲ ಆ 85ರ ಲೆಕ್ಕ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಸಾಯನ ಟೀಚರ್

ಕಸುಬಿನವರು ಮುಖ್ಯ ಎಂಬ ಮಾತಿಗೆ 1280ರ ಯಾಂಗ್‌ಝೌ ಅಪಘಾತಕ್ಕಿಂತ ದೊಡ್ಡ ಸಾಕ್ಷಿ ಬೇಡ. ಝೌ ಮಿ ಎಂಬ ಲೇಖಕ ಇದನ್ನು ದಾಖಲಿಸಿದ್ದಾನೆ. ಮಂಗೋಲರು ಗೆದ್ದ ಮೇಲೆ ಅಲ್ಲಿನ ಶಸ್ತ್ರಾಗಾರದಿಂದ ದಕ್ಷಿಣದ ಅನುಭವಿ ಕೆಲಸಗಾರರನ್ನು ತೆಗೆದುಹಾಕಿ ಉತ್ತರದವರನ್ನು ತುಂಬಿದರು. ಇವರಿಗೆ ಮದ್ದಿನ ಗುಣ ಗೊತ್ತಿಲ್ಲ. ಒಂದು ದಿನ ಗಂಧಕ ಅರೆಯುವಾಗ ಉರಿ ಎದ್ದಿತು, ಅಲ್ಲಿದ್ದ ಬೆಂಕಿಯೀಟಿಗಳಿಗೆ ಹತ್ತಿತು. ನೋಡುತ್ತಿದ್ದವರಿಗೆ ಮೊದಮೊದಲು ಅದೊಂದು ಮೋಜು, ಬೆದರಿದ ಹಾವುಗಳಂತೆ ಈಟಿಗಳು ಅತ್ತಿತ್ತ ಹಾರುತ್ತಿವೆ ಎಂದು ನಗುತ್ತಿದ್ದರಂತೆ. ಅಷ್ಟರಲ್ಲಿ ಬಾಂಬಿನ ಕೋಠಿಗೆ ಬೆಂಕಿ ತಲುಪಿತು. ಕಾವಲಿನ ನೂರು ಮಂದಿ ಸತ್ತರು, ತೊಲೆಗಳು ಹತ್ತು ಲೀ ದೂರ ಹೋಗಿ ಬಿದ್ದವು, ನೆಲದಲ್ಲಿ ಹತ್ತು ಅಡಿಗೂ ಮೀರಿದ ಗುಂಡಿ, ಸುತ್ತಲ 200ಕ್ಕೂ ಹೆಚ್ಚು ಮನೆಗಳಿಗೆ ಹಾನಿ.

ತುಂಗಾತೀರ

ಕೊನೇ ಪ್ರಶ್ನೆ ಸರ್. ಹಾಗಾದ್ರೆ ತೋಪು ಬಂದದ್ದು ಯಾವಾಗ? ಅದಾದ್ರೂ ಗೋಡೆ ಒಡೀತಾ?

ಬುರುಜು

ದಾರಿ ಬೆಂಕಿಯೀಟಿಯಿಂದಲೇ. 1259ರಲ್ಲಿ ಶೋಚುನ್‌ನಲ್ಲಿ ದಪ್ಪ ಬಿದಿರಿನ ಒಂದು ಕೊಳವೆ ಮಾಡಿದರು, ಉರಿ ಮುಗಿದ ಮೇಲೆ ಒಳಗಿಟ್ಟಿದ್ದ ಗುಂಡು ಹೊರಗೆ ಹಾರುತ್ತಿತ್ತು. ಬಿದಿರು ಹೋಗಿ ಲೋಹ ಬಂದರೆ ಅದೇ ಕೋವಿ. ಕುಬ್ಲಾಯ್‌ನ ಬೇಸಿಗೆ ರಾಜಧಾನಿ ಶಾಂಗ್‌ದು ಇದ್ದ ಜಾಗದಲ್ಲಿ ಸಿಕ್ಕ ಕಂಚಿನ ಕೋವಿಯ ಮೇಲೆ 1298ಕ್ಕೆ ಸರಿಯಾಗುವ ಇಸವಿ ಕೆತ್ತಿದ್ದಾರೆ. ಉದ್ದ 34.7 ಸೆಂಟಿಮೀಟರ್, ತೂಕ 6.2 ಕಿಲೋ.

ಕುಲುಮೆ

ಅಷ್ಟ ಸಣ್ಣದ್ರಿಂದ ಗೋಡಿ ಒಡಿಯೂದು ಆಗದ ಮಾತು, ತಮ್ಮಾ.

ಮಲೆಸೀಮೆ

ದೊಡ್ಡದಾದ ಮೇಲೂ ಚೀನಾದಲ್ಲಿ ಅದು ಗೋಡೆ ಒಡೆಯುವ ಆಯುಧ ಆಗಲಿಲ್ಲ. 1366ರಲ್ಲಿ ಝು ಯುವಾನ್‌ಝಾಂಗ್, ಮುಂದೆ ಮಿಂಗ್ ವಂಶದ ಮೊದಲ ಚಕ್ರವರ್ತಿಯಾದವನು, ಸುಝೌಗೆ ಮುತ್ತಿಗೆ ಹಾಕಿದಾಗ ತೋಪುಗಳನ್ನು ಸಾಲಾಗಿ ನಿಲ್ಲಿಸಿದ್ದ. ಅಲ್ಲೂ ಗುಂಡಿನ ಏಟಿಗೆ ಸತ್ತದ್ದು ಮನುಷ್ಯರು. ಬಡಿದ ಮಣ್ಣಿನ ಆ ಗೋಡೆಗಳ ಬುಡ ಹತ್ತು ಮೀಟರಿಗೂ ಹೆಚ್ಚು ದಪ್ಪ, ಮೇಲೆ ಇಟ್ಟಿಗೆಯ ಹೊದಿಕೆ, ಹೊರಮೈ ಇಳಿಜಾರು. ಯುರೋಪಿನ ಕಲ್ಲಿನ ಕೋಟೆಗಳಲ್ಲಿ ಅರ್ಧದಷ್ಟು ದಪ್ಪವೂ ಅಪರೂಪ. ಅಲ್ಲಿ ತೋಪು ದೊಡ್ಡದಾಗುತ್ತ ಹೋದದ್ದಕ್ಕೆ, ಚೀನಾದಲ್ಲಿ ಬಹುಕಾಲ ಸಣ್ಣದಾಗಿ ಉಳಿದದ್ದಕ್ಕೆ ಈ ದಪ್ಪವೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಸುಝೌ ಹತ್ತು ತಿಂಗಳು ನಿಂತು 1367ರಲ್ಲಿ ಬಿತ್ತು. ಅಷ್ಟರಲ್ಲಿ ಒಳಗೆ ತಿನ್ನಲು ಇಲಿಯೂ ಸಿಗುತ್ತಿರಲಿಲ್ಲ.